ಹುಡ್ ಟು ಕೋಸ್ಟ್ ರಿಲೇ: ಬೆಟ್ಟದಿಂದ ಕಡಲಿಗೆ ಹನ್ನೆರಡು ಜನರ ಓಟ

ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಒರೆಗಾನ್, ವಾಷಿಂಗ್ಟನ್ ರಾಜ್ಯಗಳ ಕಡೆ ಇರುವ ಕನ್ನಡಿಗರು, ನಿಲ್ಲದೆ ಹತ್ತು ಕಿಲೋಮೀಟರ್ ಓಡುವಷ್ಟು ಅಭ್ಯಾಸ ಇರುವವರು, ಜೊತೆಗೆ ಇನ್ನೂ ಹನ್ನೊಂದು ಜನರನ್ನು ಕೂಡಿಸುವ ತಾಳ್ಮೆ ಇರುವವರು ಒಂದು ಸಲ ಹುಡ್ ಟು ಕೋಸ್ಟ್ ಓಡಲೇಬೇಕು. ಇಷ್ಟು ದೊಡ್ಡ ಓಟವನ್ನು ಇಷ್ಟು ಅಚ್ಚುಕಟ್ಟಾಗಿ ನಡೆಸುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಈ ಓಟದ ಜೊತೆಗೆ ತಂಡಗಳು ಕ್ಯಾನ್ಸರ್ ಸಂಶೋಧನೆಗೆ ದೇಣಿಗೆಯನ್ನೂ ಎತ್ತಬಹುದು. ಆದರೆ "ನಾವು ಕ್ಯಾನ್ಸರ್‌ಗಾಗಿ ಓಡ್ತಿದ್ದೀವಿ" ಅಂತ ಹೇಳಿಕೊಂಡು ಹೊರಡುವವರಿಗೆ ಒಂದು ಮಾತು ಹೇಳಬೇಕು. ಶುಲ್ಕ ಕಟ್ಟಿ, ಓಡಿ, ಮೆಡಲ್ ಹಾಕಿಕೊಂಡು ಬಂದರೆ ಆ ಕೆಲಸಕ್ಕೆ ನಿಮ್ಮಿಂದ ಆಗಿದ್ದು ಬಹಳ ಕಡಿಮೆ. ಅದನ್ನು ತಂಡವೇ ಹೊತ್ತುಕೊಳ್ಳಬೇಕು. ಹಾಗೆ ಹೊತ್ತುಕೊಂಡ ತಂಡವೊಂದರಲ್ಲಿ ನಾನು ಓಡಿದ್ದೇನೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಓಟದ ಲೆಕ್ಕ ಹೀಗಿದೆ. ಮೌಂಟ್ ಹುಡ್ ಅನ್ನುವುದು ಒರೆಗಾನ್‌ನ ಪೋರ್ಟ್‌ಲ್ಯಾಂಡ್ ನಗರದ ಪೂರ್ವಕ್ಕಿರುವ, 11,000 ಅಡಿಗೂ ಎತ್ತರದ ಹಿಮದ ಬೆಟ್ಟ. ಅದರ ಮೇಲೆ ಸುಮಾರು 6,000 ಅಡಿ ಎತ್ತರದಲ್ಲಿ ಟಿಂಬರ್‌ಲೈನ್ ಲಾಡ್ಜ್ ಇದೆ. ಅಲ್ಲಿಂದ ಶುರು. ಮುಗಿಯುವುದು ಸೀಸೈಡ್ ಅನ್ನುವ ಊರಿನ ಕಡಲ ದಂಡೆಯಲ್ಲಿ, ಪೆಸಿಫಿಕ್ ಸಾಗರದ ಎದುರು. ಮಧ್ಯೆ ಹತ್ತಿರ ಹತ್ತಿರ 200 ಮೈಲಿ, ಅಂದರೆ ಸುಮಾರು 320 ಕಿಲೋಮೀಟರ್. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರಸ್ತೆಯಲ್ಲಿ ಎಷ್ಟಾಗುತ್ತೋ ಅದಕ್ಕಿಂತ ಸ್ವಲ್ಪ ಜಾಸ್ತಿ ಅಂದುಕೊಳ್ಳಿ. ಇದನ್ನು 36 ಲೆಗ್‌ಗಳಾಗಿ ಕತ್ತರಿಸಿದ್ದಾರೆ. ತಂಡದಲ್ಲಿ ಹನ್ನೆರಡು ಜನ, ಒಬ್ಬೊಬ್ಬರಿಗೆ ಮೂರು ಮೂರು ಲೆಗ್. ಒಂದನೆಯವರು ಓಡಿದ ಮೇಲೆ ಎರಡನೆಯವರು, ಹೀಗೆ ಹನ್ನೆರಡು ಆದ ಮೇಲೆ ಮತ್ತೆ ಒಂದನೆಯವರು. ಹಗಲು, ರಾತ್ರಿ, ಮತ್ತೆ ಹಗಲು. ಮಧ್ಯದಲ್ಲಿ ಓಟ ನಿಲ್ಲುವುದೇ ಇಲ್ಲ.

ಆಗಸ್ಟ್ ಕೊನೆಯಲ್ಲಿ, ಶುಕ್ರವಾರ ಶುರುವಾಗಿ ಶನಿವಾರ ಮುಗಿಯುತ್ತದೆ. 1982ರಲ್ಲಿ ಬಾಬ್ ಫೂಟ್ ಅನ್ನುವವರು ಶುರು ಮಾಡಿದಾಗ ಬಂದಿದ್ದು ಬರೀ 8 ತಂಡಗಳು. ಈಗ ಸಾವಿರಕ್ಕೂ ಮೇಲೆ. ಜಾಗಕ್ಕಿಂತ ಅರ್ಜಿ ಜಾಸ್ತಿ ಬರುವುದರಿಂದ ಲಾಟರಿ ಎತ್ತುತ್ತಾರೆ. 2020ರಲ್ಲಿ ಕೋವಿಡ್‌ನಿಂದಾಗಿ ನಡೆಯಲಿಲ್ಲ, ಮರುವರ್ಷ ಮತ್ತೆ ಶುರುವಾಯಿತು.

ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ, ಇದು ತುಂಬ ಜಾಣತನದ ಏರ್ಪಾಟು. ಪ್ರತಿ ಓಟಗಾರರ ವೇಗ ಮೊದಲೇ ಬರೆದುಕೊಡಬೇಕು. ನಿಧಾನದ ತಂಡಗಳನ್ನು ನಸುಕಿನಲ್ಲೇ ಬಿಡುತ್ತಾರೆ, ಜೋರಾಗಿ ಓಡುವವರನ್ನು ಮಧ್ಯಾಹ್ನದ ಮೇಲೆ. ಹಾಗಾಗಿ ಶನಿವಾರ ಹೆಚ್ಚು ಕಡಿಮೆ ಎಲ್ಲರೂ ಒಂದೇ ದಿನದಲ್ಲಿ ಕಡಲು ಮುಟ್ಟುತ್ತಾರೆ. ನಮ್ಮದು ನಿಧಾನದ ತಂಡ. ನಮ್ಮನ್ನು ದಾಟಿ ಹೋಗುವವರು ಒಬ್ಬೊಬ್ಬರೂ "ಗುಡ್ ಜಾಬ್" ಅಂತ ಹೇಳಿಯೇ ಹೋಗುತ್ತಾರೆ. ಸುಮ್ನೆ ಬಾಯಿಮಾತಿಗೆ ಅಲ್ಲ, ಏದುಸಿರಿನಲ್ಲೂ ತಿರುಗಿ ನೋಡಿ ಹೇಳುತ್ತಾರೆ.

ಹನ್ನೆರಡು ಜನರಿಗೆ ಎರಡು ವ್ಯಾನ್. ಒಂದರಲ್ಲಿ ಆರು ಜನ, ಇನ್ನೊಂದರಲ್ಲಿ ಆರು. ಮೊದಲ ವ್ಯಾನಿನವರು ಆರು ಲೆಗ್ ಮುಗಿಸುವಷ್ಟು ಹೊತ್ತು ಎರಡನೆಯವರಿಗೆ ಬಿಡುವು, ಆಮೇಲೆ ಅದಲು ಬದಲು. ಒಬ್ಬರು ರಸ್ತೆಯಲ್ಲಿ ಓಡುತ್ತಿರುವಾಗ ಉಳಿದ ಐದು ಜನ ವ್ಯಾನಿನಲ್ಲಿ ಮುಂದಿನ ಜಾಗಕ್ಕೆ ಹೋಗಿ ಕಾಯಬೇಕು. ಬ್ಯಾಟನ್ ಅಂದರೆ ಕೋಲಲ್ಲ, ಕೈಗೆ ಹೊಡೆದರೆ ತಾನಾಗಿ ಸುತ್ತಿಕೊಳ್ಳುವ ಒಂದು ಪಟ್ಟಿ. ಬೆವರಿನಲ್ಲಿ ನೆಂದ ಆ ಪಟ್ಟಿಯನ್ನು ಬಿಚ್ಚಿ ಮುಂದಿನವರ ಮಣಿಕಟ್ಟಿಗೆ ಪಟ್ ಅಂತ ಹೊಡೆಯಬೇಕು. ಕತ್ತಲಲ್ಲಿ ಆ ಸದ್ದು ಕೇಳಿದರೆ ಸಾಕು, ಸರದಿ ಬದಲಾಯಿತು ಅಂತ ವ್ಯಾನಿನೊಳಗೆ ಮಲಗಿದ್ದವರಿಗೂ ಗೊತ್ತಾಗುತ್ತದೆ.

ದಾರಿಯ ಬಗ್ಗೆ ಹೇಳಲೇಬೇಕು, ಯಾಕೆಂದರೆ ಕೊಟ್ಟ ದುಡ್ಡಿಗೆ ಸಿಗುವ ದೊಡ್ಡ ವಸ್ತು ಅದೇ.

ಮೊದಲ ಲೆಗ್ ನೋಡೋಕೆ ಸುಲಭ. ಪೂರ್ತಿ ಇಳಿಜಾರು, ಗವರ್ನ್‌ಮೆಂಟ್ ಕ್ಯಾಂಪ್ ಅನ್ನುವ ಊರಿನ ಕಡೆಗೆ ಸುಮಾರು 2,000 ಅಡಿ ಇಳಿಯಬೇಕು. ಹಿಂದೆ ಹಿಮ, ಎದುರಿಗೆ ಫರ್ ಮರಗಳ ಕಾಡು, ಕಾಲು ತಾನಾಗಿ ಓಡುತ್ತದೆ. ತೊಂದರೆ ಗೊತ್ತಾಗುವುದು ಆಮೇಲೆ. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಬ್ರೇಕ್ ಹಾಕುತ್ತಾ ಇರುತ್ತದೆ. ರಾತ್ರಿ ಎರಡನೇ ಸರದಿಗೆ ವ್ಯಾನಿನಿಂದ ಇಳಿಯುವಾಗ ಒಂದನೇ ನಂಬರಿನವರ ಮುಖ ನೋಡಬೇಕು. ಮಂಡಿ ನೋವಿರುವವರಿಗೆ, ಜೋಶ್ ಬಂದರೆ ತಡೆದುಕೊಳ್ಳಲಾಗದವರಿಗೆ ಈ ಲೆಗ್ ಕೊಡಬೇಡಿ. ತಿಂಗಳುಗಟ್ಟಲೆ ಇಳಿಜಾರಿನಲ್ಲೇ ಅಭ್ಯಾಸ ಮಾಡಿದವರಿಗೆ ಕೊಡಿ.

ಅಲ್ಲಿಂದ 26ನೇ ಹೆದ್ದಾರಿಯ ಅಂಚಿನಲ್ಲಿ ಸ್ಯಾಂಡಿ ಊರಿನವರೆಗೆ ಮೊದಲ ವ್ಯಾನು. ಹೆದ್ದಾರಿ ಭಾಗ ಅಷ್ಟೇನೂ ಚೆನ್ನಾಗಿಲ್ಲ, ಪಕ್ಕದಲ್ಲೇ ಲಾರಿ, ಕಾರು. ಸ್ಯಾಂಡಿಯಿಂದ ಎರಡನೇ ವ್ಯಾನಿನ ಕೆಲಸ ಶುರು. ಅವರಿಗೆ ಸಿಗುವುದು ಸ್ಪ್ರಿಂಗ್‌ವಾಟರ್ ಕಾರಿಡಾರ್, ಹಳೇ ರೈಲು ಹಳಿ ಕಿತ್ತು ಮಾಡಿದ ಕಾಲುದಾರಿ. ಚಪ್ಪಟೆ, ನೇರ, ವಾಹನಗಳಿಲ್ಲ. ಆದರೆ ಮಧ್ಯಾಹ್ನದ ಬಿಸಿಲಿಗೆ ಸಿಕ್ಕಿಕೊಂಡರೆ ಕಷ್ಟ, ಆಗಸ್ಟ್‌ನಲ್ಲಿ ಇಲ್ಲೂ ಬಿಸಿಲು ಚೆನ್ನಾಗೇ ಸುಡುತ್ತದೆ. ವ್ಯಾನು ಪಕ್ಕದಲ್ಲಿ ಬರೋ ಹಾಗಿಲ್ಲ, ನೀರು ನಾವೇ ಹಿಡಿದುಕೊಂಡು ಓಡಬೇಕು.

ಪೋರ್ಟ್‌ಲ್ಯಾಂಡಿನಲ್ಲಿ ವಿಲಾಮೆಟ್ ನದಿಯ ಹತ್ತಿರ ಮತ್ತೆ ವ್ಯಾನ್ ಬದಲು. ಆಫೀಸು ಮುಗಿಸಿದವರು, ಮಕ್ಕಳು ಮರಿ, ಮನೆಯವರು ಎಲ್ಲ ಬಂದು ಕೂಗುತ್ತಾರೆ. ಹಿಲ್ಸ್‌ಬರೋ, ಬೀವರ್ಟನ್ ಕಡೆಯಿಂದ ನಮ್ಮವರೂ ಬರುತ್ತಾರೆ. ಇಂಟೆಲ್, ನೈಕಿ ಅಂತ ಕೆಲಸಕ್ಕೆ ಬಂದು ನೆಲೆಸಿದ ಕನ್ನಡದ ಸಂಸಾರಗಳು ಈ ಕಡೆ ತುಂಬ ಇವೆಯಲ್ವಾ. ಒಬ್ಬ ಅಜ್ಜಿ, ಮಗನ ಮನೆಗೆ ಮೈಸೂರಿನಿಂದ ಬಂದವರು, ಸ್ಟೀಲ್ ಡಬ್ಬಿಯಲ್ಲಿ ಕೋಡುಬಳೆ ತಂದು ಓಡುವವರಿಗೆಲ್ಲ ಹಂಚಿದರು. ಗುರುತೇ ಇಲ್ಲದ ಬೇರೆ ತಂಡದ ಹುಡುಗರೂ ಕೈಯೊಡ್ಡಿ ತಗೊಂಡು ತಿಂದರು.

ಪೋರ್ಟ್‌ಲ್ಯಾಂಡಿನಿಂದ ಸೇಂಟ್ ಹೆಲೆನ್ಸ್‌ವರೆಗೆ 30ನೇ ಹೆದ್ದಾರಿ. ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಓಡಿ ಮುಗಿಸಬೇಕು ಅಷ್ಟೇ.

ಈ ಓಟದ ನಿಜವಾದ ಭಾಗ ಶುರುವಾಗುವುದು ಸೇಂಟ್ ಹೆಲೆನ್ಸ್ ಆದಮೇಲೆ. ಅಲ್ಲಿಂದ ರಸ್ತೆ ಕೋಸ್ಟ್ ರೇಂಜ್ ಬೆಟ್ಟಗಳೊಳಕ್ಕೆ ಹೋಗುತ್ತದೆ. ಬೀದಿದೀಪ ಇಲ್ಲ. ಮೊಬೈಲ್ ಸಿಗ್ನಲ್ ಇಲ್ಲ. ಕೆಲವು ಕಡೆ ಟಾರೂ ಇಲ್ಲ, ಬರೀ ಜಲ್ಲಿ ರಸ್ತೆ. ಒಂದಾದ ಮೇಲೊಂದು ವ್ಯಾನ್ ಹೋಗುವಾಗ ಏಳುವ ಧೂಳು ಹೆಡ್‌ಲ್ಯಾಂಪಿನ ಬೆಳಕಿನಲ್ಲಿ ಮಂಜಿನ ಹಾಗೆ ಕಾಣುತ್ತದೆ, ಎರಡು ಮಾರು ಆಚೆ ಏನಿದೆ ಅಂತ ಗೊತ್ತಾಗುವುದಿಲ್ಲ. ಮೂಗು ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓಡಿದೆ. ಕತ್ತಲಾದ ಮೇಲೆ ಹೊಳೆಯುವ ಜಾಕೆಟ್, ಹೆಡ್‌ಲ್ಯಾಂಪ್ ಅಥವಾ ಟಾರ್ಚು ಇಲ್ಲದೆ ರಸ್ತೆಗಿಳಿಯುವ ಹಾಗೇ ಇಲ್ಲ. ಈ ನಿಯಮದಲ್ಲಿ ಯಾರಿಗೂ ವಿನಾಯಿತಿ ಇಲ್ಲ, ಅದು ನನಗೆ ತುಂಬ ಇಷ್ಟವಾಯಿತು.

ಆ ಕತ್ತಲಲ್ಲಿ ಓಡುವುದು ಹೇಗಿರುತ್ತದೆ ಅಂದರೆ, ಎದುರಿಗೆ ದೂರದಲ್ಲಿ ಕೆಂಪು ದೀಪ ಮಿಣುಕುತ್ತಾ ಇರುತ್ತದೆ, ಅದು ಮುಂದೆ ಓಡುತ್ತಿರುವವರ ಬೆನ್ನಿನದು, ಅದನ್ನೇ ನೋಡಿಕೊಂಡು ಹೋಗುತ್ತಾ ಇರಬೇಕು, ಒಂದು ತಿರುವಿನಲ್ಲಿ ಅದೂ ಕಾಣದೆ ಹೋಗುತ್ತದೆ, ಆಗ ಬರೀ ನಮ್ಮ ಉಸಿರಿನ ಸದ್ದು ಮತ್ತು ಜಲ್ಲಿಯ ಮೇಲೆ ಶೂ ಸದ್ದು. ಸ್ವಲ್ಪ ಹೊತ್ತಿಗೆ ವ್ಯಾನೊಂದು ಪಕ್ಕದಲ್ಲಿ ನಿಧಾನ ಮಾಡಿ ಹೋಗುತ್ತದೆ, ಒಳಗಿನಿಂದ ಯಾರೋ ಗುರುತಿಲ್ಲದವರು ನೀರು ಬೇಕಾ ಅಂತ ಕೇಳುತ್ತಾರೆ. ಒಂಟಿ ಹೆಂಗಸರಿಗೆ ರಾತ್ರಿ ಓಡೋಕೆ ಭಯ ಆಗಲ್ವಾ ಅಂತ ಊರಿನವರು ಕೇಳುತ್ತಾರೆ. ನಮ್ಮ ತಂಡದ ಹಾಸನದ ಅಕ್ಕ ಓಡಿದ್ದು ನಡುರಾತ್ರಿಯ ಲೆಗ್. ವ್ಯಾನಿನಿಂದ ಇಳಿಯುವಾಗ ಧಾರವಾಡದ ಹುಡುಗ "ಅಕ್ಕಾರ, ನಿಮ್ ಬದ್ಲಿ ನಾ ಓಡ್ಲೇನ್ರಿ?" ಅಂತ ಕೇಳಿದ್ದಕ್ಕೆ "ನೀನು ಮಲ್ಕೋ ಮಗ, ನಿನ್ ಸರದಿಗೆ ಎಬ್ಬಿಸ್ತೀನಿ" ಅಂತ ಹೇಳಿ ಹೋದರು. ಓಡಿ ಬಂದ ಮೇಲೆ ಅವರು ಹೇಳಿದ್ದು ಒಂದೇ ಮಾತು, ಇಷ್ಟು ವರ್ಷದಲ್ಲಿ ರಾತ್ರಿ ಹೊತ್ತು ರಸ್ತೆಯಲ್ಲಿ ಇಷ್ಟು ಧೈರ್ಯವಾಗಿ ಎಂದೂ ಇದ್ದಿಲ್ಲ ಅಂತ.

ಇದಕ್ಕೆ ಕಾರಣ ವಾಲಂಟಿಯರ್‌ಗಳು. ಈ ಓಟಕ್ಕೆ ಐದಕ್ಕೆ ಐದು ಕೊಡಬೇಕಾದ್ದು ಇಲ್ಲಿ. ಓಟದ ದಾರಿಯಿಂದ 100 ಮೈಲಿ ಒಳಗಿನ ತಂಡಗಳು ಮೂರು ಜನ ವಾಲಂಟಿಯರ್‌ಗಳನ್ನು ಕೊಡಲೇಬೇಕು. ಈ ನಿಯಮದಿಂದಾಗಿಯೇ ಪ್ರತಿ ಬದಲಾವಣೆಯ ಜಾಗದಲ್ಲಿ, ಪ್ರತಿ ತಿರುವಿನಲ್ಲಿ ಯಾರಾದರೂ ಇರುತ್ತಾರೆ. ಓಟಗಾರರು ಬರುವುದು ದೂರದಲ್ಲಿ ಕಂಡ ತಕ್ಷಣ ಅವರ ನಂಬರನ್ನು ಜೋರಾಗಿ ಕೂಗುತ್ತಾರೆ, ಮುಂದಿನವರು ಗುಂಪಿನಿಂದ ಎದ್ದು ಮುಂದೆ ಬಂದು ನಿಲ್ಲುತ್ತಾರೆ. ಸಾವಿರ ತಂಡಗಳಿಗೆ ಒಂದೂವರೆ ದಿನ ಹೀಗೆ ಕೂಗುತ್ತಾ ಇರುವುದು ಸಣ್ಣ ಕೆಲಸ ಅಲ್ಲ. ನಮ್ಮ ತಂಡದಿಂದ ವಾಲಂಟಿಯರ್ ಆಗಿ ಹೋದ ಮೂವರೂ ಓಡುವ ಅಭ್ಯಾಸವೇ ಇಲ್ಲದವರು. ಮುಂದಿನ ವರ್ಷವೂ ಹೋಗುತ್ತೇವೆ ಅಂತ ಈಗಲೇ ಹೆಸರು ಕೊಟ್ಟಿದ್ದಾರೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕ್ಯಾನ್ಸರ್.

ಓಟದ ಜೊತೆ ನಿಂತಿರುವುದು ಇಲ್ಲಿನ ಪ್ರಾವಿಡೆನ್ಸ್ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್. ಪೋರ್ಟ್‌ಲ್ಯಾಂಡಿನಲ್ಲಿರುವ ಅವರ ಸಂಶೋಧನಾ ವಿಭಾಗದವರು ಇಮ್ಯುನೋಥೆರಪಿ ಮೇಲೆ ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅಂದರೆ ನಮ್ಮ ದೇಹದ ರೋಗನಿರೋಧಕ ಶಕ್ತಿಯನ್ನೇ ಕ್ಯಾನ್ಸರ್ ಮೇಲೆ ತಿರುಗಿಸುವ ಚಿಕಿತ್ಸೆ. 2018ರಲ್ಲಿ ಜೇಮ್ಸ್ ಆಲಿಸನ್, ತಸುಕು ಹೊಂಜೊ ಇಬ್ಬರಿಗೆ ನೊಬೆಲ್ ಬಂದಿದ್ದು ಈ ದಾರಿ ತೋರಿಸಿದ್ದಕ್ಕೇ. ತಂಡಗಳು ತಮ್ಮ ಸ್ನೇಹಿತರು, ಬಂಧುಗಳು, ಆಫೀಸಿನವರ ಹತ್ತಿರ ದೇಣಿಗೆ ಎತ್ತಿ ಈ ಕೆಲಸಕ್ಕೆ ಕೊಡಬಹುದು. ಕೊಡಬಹುದು ಅಂದೆ. ಶುಲ್ಕ ಬೇರೆ, ದೇಣಿಗೆ ಬೇರೆ. ಶುಲ್ಕದ ದುಡ್ಡು ಇಷ್ಟು ದೊಡ್ಡ ಓಟ ನಡೆಸೋಕೆ ಬೇಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದನ್ನೇ ದಾನ ಅಂತ ಅಂದುಕೊಳ್ಳಬಾರದು.

ಅನೇಕ ತಂಡಗಳು ಇದನ್ನು ಬರೀ ಓಟದ ಹಬ್ಬ ಅಂತಲೇ ನೋಡುತ್ತವೆ. ವ್ಯಾನಿಗೆ ಅಲಂಕಾರ, ವೇಷ, ಎಷ್ಟು ಜನರನ್ನು ಹಿಂದೆ ಹಾಕಿದೆವು ಅಂತ ಕಿಟಕಿ ಮೇಲೆ ಗೆರೆ ಎಳೆಯುವುದು. ಇರಲಿ, ಖುಷಿಗೆ ಬಂದವರು ಖುಷಿಪಡಲಿ. ನಾವು ಗೆರೆ ಎಳೆಯುವ ಜಾಗದಲ್ಲಿ ಹೆಸರು ಬರೆದೆವು. ತಂಡದ ಹನ್ನೆರಡು ಜನರೂ ತಮ್ಮ ಮನೆಯಲ್ಲಿ ಕ್ಯಾನ್ಸರ್ ಬಂದವರ ಹೆಸರನ್ನು ವ್ಯಾನಿನ ಗಾಜಿನ ಮೇಲೆ ಬಿಳಿ ಮಾರ್ಕರಿನಲ್ಲಿ, ಕನ್ನಡದಲ್ಲೇ. ಒಂದೊಂದು ಹೆಸರು ಬರೆದುಕೊಂಡು ಹೊರಡೋಣ ಅಂತ ಶುರುವಾಗಿದ್ದು, ಗಾಜು ತುಂಬಿತು. ಬೇರೆ ಯಾರ ಹತ್ತಿರವೂ ಹೇಳದ ಹೆಸರುಗಳು ಆ ಹೊತ್ತಿಗೆ ಹೊರಗೆ ಬಂದವು. ಅಜ್ಜಿ, ದೊಡ್ಡಮ್ಮ, ಸೋದರಮಾವ, ಪಕ್ಕದ ಮನೆಯ ಹುಡುಗ.

ನಮ್ಮ ಮನೆಗಳಲ್ಲಿ ಈ ಕಾಯಿಲೆಯ ಹೆಸರನ್ನೇ ಎತ್ತುವುದಿಲ್ಲ ಅಲ್ವಾ. "ಏನೋ ಗಡ್ಡೆ ಅಂತೆ", "ಹುಷಾರಿಲ್ಲ", ಅಷ್ಟೇ. ಮಗಳ ಮದುವೆ ಆಗೋವರೆಗೂ ಯಾರಿಗೂ ಹೇಳೋದು ಬೇಡ ಅಂತ ಮುಚ್ಚಿಟ್ಟ ಮನೆಗಳು ಎಷ್ಟಿಲ್ಲ. ಮುಚ್ಚಿಟ್ಟಿದ್ದರಿಂದ ಮುಂದಿನ ತಲೆಮಾರಿನವರಿಗೆ ತಮ್ಮ ಮನೆತನದಲ್ಲಿ ಏನಿತ್ತು ಅಂತಲೇ ಗೊತ್ತಿರುವುದಿಲ್ಲ. ಡಾಕ್ಟರು ಕೇಳಿದರೆ ಏನೂ ಇಲ್ಲ ಅಂತ ಬರೆಸಿ ಬರುತ್ತಾರೆ. ಇದು ನನಗೆ ನಿಜವಾಗಲೂ ಸಿಟ್ಟು ಬರಿಸುವ ವಿಷಯ.

ವ್ಯಾನಿನಲ್ಲಿ ಈ ಮಾತೆಲ್ಲ ಆಡಿದೆವು. ಆರು ಜನ, ನಿದ್ದೆ ಇಲ್ಲ, ಫೋನ್ ಇಲ್ಲ, ಮುಂದಿನ ಸರದಿಗೆ ಇನ್ನೂ ಹೊತ್ತಿದೆ. ಬೇರೆ ಎಲ್ಲೂ ಇಷ್ಟು ಬಿಡುವಾಗಿ ಈ ಮಾತು ಬರುವುದಿಲ್ಲ. ಇಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ತಪಾಸಣೆ ಶುರು ಮಾಡುವ ವಯಸ್ಸನ್ನು 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ದಾರೆ. ನಮ್ಮ ತಂಡದಲ್ಲಿ 45 ದಾಟಿದವರು ಹಲವರಿದ್ದರು, ಒಬ್ಬರೂ ಮಾಡಿಸಿರಲಿಲ್ಲ. ಹೆಂಗಸರಿಗೆ ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ ತಪಾಸಣೆ, 40ರಿಂದಲೇ, ಎರಡು ವರ್ಷಕ್ಕೊಮ್ಮೆ ಮಾಡಿಸಿ ಅಂತ 2024ರಲ್ಲಿ ಹೇಳಿದ್ದಾರೆ. ಅದನ್ನೂ ಮುಂದಕ್ಕೆ ಹಾಕಿದವರಿದ್ದರು. ಓಟ ಮುಗಿದ ವಾರದಲ್ಲೇ ಎಲ್ಲರೂ ಅಪಾಯಿಂಟ್‌ಮೆಂಟ್ ತಗೊಂಡರು. ಒಬ್ಬರಿಗೆ ಕರುಳಿನಲ್ಲಿ ಪಾಲಿಪ್, ಅಂದರೆ ಸಣ್ಣ ಗಂಟಿನಂಥ ಬೆಳವಣಿಗೆ, ಸಿಕ್ಕಿತು, ಅಲ್ಲೇ ತೆಗೆದರು. ಹಾಗೇ ಬಿಟ್ಟಿದ್ದರೆ ವರ್ಷಗಳ ಮೇಲೆ ಅದು ಕ್ಯಾನ್ಸರ್ ಆಗಬಹುದಿತ್ತು. ಜಾಗೃತಿ ಜಾಗೃತಿ ಅಂತ ಬ್ಯಾನರಿನಲ್ಲಿ ಬರೆಯುತ್ತಾರಲ್ಲ, ನನ್ನ ಮಟ್ಟಿಗೆ ಅದು ಇದು.

ಇನ್ನೊಂದು ಘಟನೆ. ಮಿಸ್ಟ್ ಅನ್ನುವ ಸಣ್ಣ ಊರು ದಾಟಿದ ಮೇಲೆ, ಬೆಳಗಿನ ಜಾವ, ವಯಸ್ಸಾದ ಒಬ್ಬ ವಾಲಂಟಿಯರ್ ನಮ್ಮ ವ್ಯಾನಿನ ಗಾಜು ನೋಡಿ ಹತ್ತಿರ ಬಂದರು. ಒಂದು ಕೈಯಲ್ಲಿ ನಂಬರ್ ಬರೆದುಕೊಳ್ಳುವ ರಟ್ಟು, ಇನ್ನೊಂದರಲ್ಲಿ ಫ್ಲಾಸ್ಕಿನ ಮುಚ್ಚಳದಲ್ಲಿ ಕಾಫಿ. ಇವು ಯಾರ ಹೆಸರು ಅಂತ ಕೇಳಿದರು. ಹೇಳಿದೆವು. ತಮಗೆ ನಾಲಿಗೆಯ ಪಕ್ಕದಲ್ಲಿ ಆಗಿತ್ತಂತೆ. ನೋವೇ ಇರಲಿಲ್ಲ, ಹಲ್ಲು ಕ್ಲೀನ್ ಮಾಡಿಸೋಕೆ ಹೋದಾಗ ಡೆಂಟಿಸ್ಟ್ ಒಂದು ಬಿಳಿ ಮಚ್ಚೆ ನೋಡಿ ಕಳಿಸಿದರಂತೆ. ಬೇಗ ಸಿಕ್ಕಿದ್ದರಿಂದ ಸಣ್ಣ ಆಪರೇಷನ್‌ನಲ್ಲಿ ಮುಗಿಯಿತು ಅಂತ ಬಾಯಿ ತೆರೆದು ತೋರಿಸಿದರು, ಹೆಡ್‌ಲ್ಯಾಂಪಿನ ಬೆಳಕಿನಲ್ಲಿ. ನಮ್ಮ ಧಾರವಾಡದ ಹುಡುಗನ ಕಾಕಾ ಊರಿನಲ್ಲಿ ದಿನಕ್ಕೆ ಹತ್ತು ಚೀಟಿ ಗುಟ್ಕಾ ಹಾಕುವವರು. ಅವನು ಒಂದೊಂದೇ ಪ್ರಶ್ನೆ ಕೇಳುತ್ತಾ ನಿಂತ. ಮಚ್ಚೆ ಎಷ್ಟು ದೊಡ್ಡದಿತ್ತು, ಉರಿ ಇತ್ತಾ, ಬಾಯಿ ಪೂರ್ತಿ ತೆರೆಯೋಕೆ ಆಗ್ತಿತ್ತಾ. ಸಿಗ್ನಲ್ ಸಿಕ್ಕ ಕೂಡಲೇ ಊರಿಗೆ ಫೋನ್ ಹಚ್ಚಿದ. "ಕಾಕಾ, ನಾಳೆನ ಹೋಗಿ ಬಾಯಿ ತೋರಿಸ್ಕೊಂಡ್ ಬಾ, ನಾ ಬಂದ್ ಮ್ಯಾಲ ಅನಬ್ಯಾಡ." ಮೂರು ಸಲ ಹೇಳಿದ.

ಪೋರ್ಟ್‌ಲ್ಯಾಂಡಿಗೂ ನಮ್ಮ ಊರಿನ ರೋಗಿಗಳಿಗೂ ಇನ್ನೊಂದು ಸಂಬಂಧ ಇದೆ, ತಂಡದ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್‌ಗೆ ಇಮ್ಯಾಟಿನಿಬ್ ಮಾತ್ರೆ ಇದೆಯಲ್ಲ, ಗ್ಲೀವೆಕ್ ಅಂತ 2001ರಲ್ಲಿ ಇಲ್ಲಿ ಒಪ್ಪಿಗೆ ಸಿಕ್ಕಿದ್ದು, ಅದರ ಹಿಂದಿನ ದೊಡ್ಡ ಕೆಲಸ ಇದೇ ಊರಿನ ಒರೆಗಾನ್ ಹೆಲ್ತ್ ಆಂಡ್ ಸೈನ್ಸ್ ಯೂನಿವರ್ಸಿಟಿಯಲ್ಲಿ ಬ್ರಯಾನ್ ಡ್ರೂಕರ್ ಮಾಡಿದ್ದು. ಅದಕ್ಕೆ ಮೊದಲು ಆ ಕಾಯಿಲೆ ಬಂದವರಿಗೆ ಮುಂದಿನ ದಾರಿ ತುಂಬ ಕಷ್ಟದ್ದು. ದಿನಕ್ಕೊಂದು ಮಾತ್ರೆ ನುಂಗಿ ಕೆಲಸಕ್ಕೆ ಹೋಗಿ ಬರುವಂತೆ ಆಗಿದ್ದು ಆಮೇಲೆ. ಭಾರತದಲ್ಲಿ ಕಂಪನಿ ಕೇಳಿದ ಪೇಟೆಂಟ್‌ ಅನ್ನು 2013ರಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು, ಹಾಗಾಗಿ ನಮ್ಮ ಕಂಪನಿಗಳ ಅದೇ ಮಾತ್ರೆ ಕಡಿಮೆ ಬೆಲೆಗೆ ಸಿಗುತ್ತಾ ಬಂತು. ನನ್ನ ಚಿಕ್ಕಪ್ಪ ಬೆಂಗಳೂರಿನ ಕಿದ್ವಾಯಿಗೆ ಹೋಗಿ ಬಂದು ಆ ಮಾತ್ರೆಯ ಮೇಲೆ ಇವತ್ತಿಗೂ ತೋಟ ನೋಡಿಕೊಂಡಿದ್ದಾರೆ. ಗಾಜಿನ ಮೇಲೆ ನಾನು ಬರೆದ ಮೊದಲ ಹೆಸರು ಅವರದು. ಸಂಶೋಧನೆಗೆ ದುಡ್ಡು ಕೊಟ್ಟರೆ ಎಲ್ಲಿ ಹೋಗುತ್ತೋ ಏನೋ ಅಂತ ದೇಣಿಗೆ ಕೇಳಿದಾಗ ಕೆಲವರು ಹೇಳುತ್ತಿದ್ದರು. ಅವರಿಗೆ ಈ ಚಿಕ್ಕಪ್ಪನ ಕಥೆಯನ್ನೇ ಹೇಳುತ್ತಿದ್ದೆ. ಬಹಳ ಜನ ಕೊಟ್ಟರು.

ಇನ್ನು ಕಷ್ಟಗಳು. ಮುಚ್ಚಿಡುವುದಿಲ್ಲ.

ಖರ್ಚು ಜಾಸ್ತಿ. ತಂಡದ ಶುಲ್ಕವೇ ಸಾವಿರಾರು ಡಾಲರ್ ಲೆಕ್ಕದಲ್ಲಿದೆ, ಅದರ ಮೇಲೆ ಎರಡು ವ್ಯಾನ್ ಬಾಡಿಗೆ, ಪೆಟ್ರೋಲ್, ಊಟ, ಸೀಸೈಡ್‌ನಲ್ಲಿ ಉಳಿಯೋಕೆ ರೂಮು. ಈಗಷ್ಟೇ ಓದು ಮುಗಿಸಿ ಕೆಲಸಕ್ಕೆ ಸೇರಿದ ಹುಡುಗರಿಗೆ ಇದು ಭಾರ. ನಮ್ಮಲ್ಲಿ ಹೆಚ್ಚು ಸಂಬಳ ಇರುವವರು ಹೆಚ್ಚು ಹಾಕಿಕೊಂಡರು, ಯಾರು ಎಷ್ಟು ಅಂತ ಕ್ಯಾಪ್ಟನ್ ಒಬ್ಬರಿಗೇ ಗೊತ್ತು. ಆ ಪದ್ಧತಿ ಒಳ್ಳೆಯದು. ವ್ಯಾನನ್ನು ತಿಂಗಳುಗಳ ಮೊದಲೇ ಬುಕ್ ಮಾಡಿ, ಹಿಂದಿನ ದಿನ ಫೋನ್ ಮಾಡಿ ಮತ್ತೆ ಖಾತ್ರಿ ಮಾಡಿಕೊಳ್ಳಿ. ಆ ವಾರ ಪೋರ್ಟ್‌ಲ್ಯಾಂಡಿನಲ್ಲಿ ದೊಡ್ಡ ವ್ಯಾನ್ ಸಿಗುವುದೇ ಕಷ್ಟ. ನಮಗೆ ಕೊಡುತ್ತೇವೆ ಅಂದ ಒಂದು ಬಾಡಿಗೆ ಕಂಪನಿ ಕೊನೇ ಗಳಿಗೆಯಲ್ಲಿ ಇಲ್ಲ ಅಂದುಬಿಟ್ಟಿತು. ತಂಡದವರೊಬ್ಬರ ಭಾವ ತಮ್ಮ ಮನೆಯ ಗಾಡಿ ಕೊಟ್ಟು ಉಳಿಸಿದರು.

ಎರಡು ಸಾವಿರ ವ್ಯಾನುಗಳು ಒಂದೇ ಕಾಡಿನ ರಸ್ತೆಯಲ್ಲಿ ಹೋದರೆ ಏನಾಗಬೇಕೋ ಅದೇ ಆಗುತ್ತದೆ. ದಟ್ಟಣೆ. ರಾತ್ರಿ ಕೊನೆಯ ಭಾಗದಲ್ಲಿ ಓಟಗಾರರು ವ್ಯಾನಿಗಿಂತ ಮೊದಲೇ ಬಂದು ನಿಂತಿರುವುದು ಉಂಟು. ಆ ಭಾಗದಲ್ಲಿ ಮುಂದಿನ ಸರದಿಯವರು ವ್ಯಾನಿನಿಂದ ಇಳಿದು ಮೊದಲೇ ನಡೆದುಕೊಂಡು ಹೋಗಿಬಿಡುವುದು ವಾಸಿ. ಟಾಯ್ಲೆಟ್‌ಗೆ ಸಾಲು ಉದ್ದ ಇರುತ್ತದೆ, ಟಿಶ್ಯೂ ನಿಮ್ಮ ಜೇಬಿನಲ್ಲೇ ಇರಲಿ. ನಿದ್ದೆ ಅಂದರೆ ಸೇಂಟ್ ಹೆಲೆನ್ಸ್ ಮೈದಾನದಲ್ಲೋ ಮಿಸ್ಟ್ ಹತ್ತಿರದ ಹೊಲದಲ್ಲೋ ಸ್ಲೀಪಿಂಗ್ ಬ್ಯಾಗ್ ಹಾಸಿಕೊಂಡು ಒಂದೆರಡು ಗಂಟೆ. ಬೆಳಗಿನ ಜಾವ ಹುಲ್ಲಿನ ಇಬ್ಬನಿಗೆ ಎಲ್ಲ ತೊಯ್ದಿರುತ್ತದೆ, ಕೆಳಗೊಂದು ಟಾರ್ಪಾಲ್ ಇರಲಿ. ಓಡದೆ ಬರೀ ಗಾಡಿ ಓಡಿಸುವವರು ವ್ಯಾನಿಗೊಬ್ಬರು ಇದ್ದರೆ ಬಹಳ ಒಳ್ಳೆಯದು. ಮೂರು ಲೆಗ್ ಓಡಿ, ನಿದ್ದೆಗೆಟ್ಟು, ಬೆಟ್ಟದ ತಿರುವಿನಲ್ಲಿ ವ್ಯಾನ್ ಓಡಿಸುವುದು ಅಪಾಯ. ಇದೊಂದರಲ್ಲಿ ದಯವಿಟ್ಟು ಉಳಿತಾಯ ನೋಡಬೇಡಿ.

ಹವೆ ನಮ್ಮ ಕೈಯಲ್ಲಿಲ್ಲ. ಆಗಸ್ಟ್‌ನಲ್ಲಿ ಕಾಡ್ಗಿಚ್ಚಿನ ಹೊಗೆ ಬರಬಹುದು. 2015ರಲ್ಲಿ ಕಡಲ ದಂಡೆಯಲ್ಲಿ ಬಿರುಗಾಳಿ ಬೀಸಿ ಡೇರೆಗಳೆಲ್ಲ ಕಿತ್ತುಕೊಂಡು, ಅಲ್ಲಿನ ಸಂಭ್ರಮವನ್ನೇ ನಿಲ್ಲಿಸಬೇಕಾಗಿತ್ತು. ಬೆಟ್ಟದ ಮೇಲೆ ಬೆಳಗ್ಗೆ ಸ್ವೆಟರ್ ಬೇಕು, ಮಧ್ಯಾಹ್ನ ಬನಿಯನ್ ಸಾಕು, ರಾತ್ರಿ ಮತ್ತೆ ಟೋಪಿ. ಮೂರು ಲೆಗ್‌ಗೆ ಮೂರು ಜೊತೆ ಬಟ್ಟೆ, ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಬೆವರಿನ ಬಟ್ಟೆಯನ್ನು ಅದೇ ಚೀಲಕ್ಕೆ ತುರುಕಿ ಬಾಯಿ ಕಟ್ಟದಿದ್ದರೆ ವ್ಯಾನಿನಲ್ಲಿ ಯಾರೂ ಕೂರೋಕಾಗುವುದಿಲ್ಲ.

ಊಟದ ವಿಷಯದಲ್ಲಿ ನಮ್ಮವರಿಗೆ ಒಂದು ಸಲಹೆ. ದಾರಿಯಲ್ಲಿ ಊರಿನವರು ಕಾಫಿ, ಪ್ಯಾನ್‌ಕೇಕ್ ಎಲ್ಲ ಮಾರುತ್ತಾರೆ, ಸಣ್ಣ ಊರುಗಳು, ಅವರ ಹತ್ತಿರ ಖಂಡಿತ ಏನಾದರೂ ಕೊಂಡುಕೊಳ್ಳಿ. ಆದರೆ ಅದನ್ನೇ ನಂಬಿಕೊಂಡರೆ ಹೊಟ್ಟೆ ಕೈಕೊಡುತ್ತದೆ. ನಮಗೆ ಸರಿಹೋಗಿದ್ದು ಮೊಸರನ್ನ, ಐಸ್ ಪೆಟ್ಟಿಗೆಯಲ್ಲಿಟ್ಟಿದ್ದು, ಸಾಸಿವೆ ಶುಂಠಿ ಒಗ್ಗರಣೆ ಜೊತೆ. ಓಡಿ ಬಂದ ಅರ್ಧ ಗಂಟೆಗೆ ತಣ್ಣಗೆ ಅದು ಹೊಟ್ಟೆಗೆ ಇಳಿದರೆ ಬೇರೇನೂ ಬೇಡ. ಚಪಾತಿಗೆ ಕಡಲೆಕಾಯಿ ಬೀಜದ ಚಟ್ನಿಪುಡಿ ಸವರಿ ಸುತ್ತಿಟ್ಟಿದ್ದೂ ಚೆನ್ನಾಗಿತ್ತು. ಬಾಳೆಹಣ್ಣು, ಹುರಿಗಡಲೆ ಬೆಲ್ಲ, ಉಪ್ಪು ನಿಂಬೆ ಶರಬತ್ತು. ಪುಳಿಯೋಗರೆ ಬೇಡ. ರುಚಿ ಅಂತ ಜಾಸ್ತಿ ತಿಂದು, ಆಮೇಲೆ ಓಡುವಾಗ ಎದೆ ಉರಿ ಅಂತ ನಿಂತವರನ್ನು ನೋಡಿದ್ದೇನೆ.

ಕೊನೆಯ ಲೆಗ್‌ಗಳು ಜುವೆಲ್, ಓಲ್ನಿ ಕಡೆಯಿಂದ ಸೀಸೈಡ್‌ಗೆ. ಹಸಿರು, ತಂಪು, ಹಸುಗಳು ಮೇಯುವ ಹೊಲ, ನೋಡೋಕೆ ಮಲೆನಾಡಿನ ಯಾವುದೋ ಮೂಲೆ ಅನ್ನಿಸುತ್ತದೆ. ಏರುಗಳೂ ಇವೆ, ಕಾಲಿನಲ್ಲಿ ಏನೂ ಉಳಿದಿರದ ಹೊತ್ತಿನಲ್ಲಿ. ಆಮೇಲೆ ಊರು, ಕಡಲ ದಂಡೆಯ ಕಾಲುದಾರಿ, ಮರಳು. ಹನ್ನೆರಡನೆಯವರು ಬರುವಾಗ ಉಳಿದ ಹನ್ನೊಂದೂ ಜನ ಸೇರಿಕೊಂಡು ಒಟ್ಟಿಗೆ ಗೆರೆ ದಾಟಬಹುದು. ನಾವು ಹಾಗೇ ದಾಟಿದೆವು, ಹನ್ನೆರಡೂ ಜನ ಕೈ ಹಿಡಿದುಕೊಂಡು. ಕೂಗಿ ಕೂಗಿ ನನ್ನ ಗಂಟಲು ಎರಡು ದಿನ ಕಟ್ಟಿತ್ತು.

ಅಂಕ ಕೊಡು ಅಂದರೆ, ವ್ಯವಸ್ಥೆಗೆ ಮತ್ತು ವಾಲಂಟಿಯರ್‌ಗಳಿಗೆ ಐದಕ್ಕೆ ಐದು. ದಾರಿಗೆ ನಾಲ್ಕೂವರೆ, ಹೆದ್ದಾರಿ ಭಾಗದಿಂದಾಗಿ ಅರ್ಧ ಕಳೆದೆ. ಕೊಟ್ಟ ದುಡ್ಡಿಗೆ ನಾಲ್ಕು. ಕ್ಯಾನ್ಸರ್ ಕೆಲಸಕ್ಕೆ ನಾನು ಅಂಕ ಕೊಡುವುದಿಲ್ಲ, ಅದು ನಿಮ್ಮ ತಂಡದ ಕೈಯಲ್ಲಿದೆ.

ಮುಂದಿನ ವರ್ಷಕ್ಕೆ ಹೋಗಬೇಕು ಅಂತಿದ್ದರೆ ಅಕ್ಟೋಬರ್ ಹೊತ್ತಿಗೇ ತಂಡ ಕಟ್ಟಿ, ಲಾಟರಿಗೆ ಹೆಸರು ಕೊಡಿ. ಹನ್ನೆರಡು ಜನ ಓಡುವವರ ಮೇಲೆ ಇಬ್ಬರು ಜಾಸ್ತಿ ಇರಲಿ, ಕೊನೆಗೆ ಯಾರಿಗಾದರೂ ಕಾಲು ಉಳುಕೇ ಉಳುಕುತ್ತದೆ. ದೇಣಿಗೆ ಕೇಳುವುದನ್ನು ಬೇಸಿಗೆಗೆ ಮೊದಲೇ ಶುರು ಮಾಡಿ, ಯುಗಾದಿ ಊಟಕ್ಕೆ ಕನ್ನಡ ಕೂಟದಲ್ಲಿ ಎಲ್ಲರೂ ಸೇರಿದಾಗ ಐದು ನಿಮಿಷ ಮೈಕ್ ಕೇಳಿ ಮಾತಾಡಿ. ಮತ್ತೆ ಅಭ್ಯಾಸಕ್ಕೆ ಸೇರುವ ಮೊದಲ ಭಾನುವಾರವೇ ಪ್ರತಿಯೊಬ್ಬರನ್ನೂ ಕೇಳಿ, 45 ಆಗಿದೆಯಾ, ತಪಾಸಣೆ ಮಾಡಿಸಿದ್ದೀರಾ, ಮನೆಯಲ್ಲಿ ಯಾರಿಗಾದರೂ ಬಂದಿತ್ತಾ ಅಂತ. ಮುಜುಗರ ಆದರೂ ಕೇಳಿ. ಆಗಸ್ಟ್‌ವರೆಗೆ ಕಾಯಬೇಡಿ.